ಹಳೇ ಮೈಕೈ ನೋವಿಗೆ ಹಗುರ ವ್ಯಾಯಾಮ: ಫಿಸಿಯೋ ಮೇಡಂಗೆ ನಿಮ್ಮ ಪ್ರಶ್ನೆ

ತುಮಕೂರು: ಮೇಡಂ, ನನಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ಬಹಳ ಕಾಲ ನೋಯುವ ಕಾಯಿಲೆ ಇದೆ. ಚೆನ್ನಾಗಿದ್ದ ದಿನ ಒಂದು ಗಂಟೆ ನಡೆಯುತ್ತೇನೆ. ಆಮೇಲೆ ಮೂರು ದಿನ ಏಳುವುದಕ್ಕೇ ಆಗುವುದಿಲ್ಲ. ವ್ಯಾಯಾಮ ಬಿಟ್ಟುಬಿಡಲಾ?

ಫಿಸಿಯೋ: ಬಿಡಬೇಡಿ, ಕಡಿಮೆ ಮಾಡಿ. ನೋವು ಜಾಸ್ತಿ ಇದ್ದ ದಿನವೂ ಆಗುವಷ್ಟರಿಂದ ಶುರುಮಾಡಿ, ಐದೇ ನಿಮಿಷ ಆದರೂ ಸರಿ. ಚೆನ್ನಾಗಿದ್ದ ದಿನವೂ ಅಷ್ಟೇ ನಡೆಯಿರಿ. ವಾರಕ್ಕೆ ಒಂದು ನಿಮಿಷ ಸೇರಿಸಿ. ಮಾರನೇ ದಿನಕ್ಕೆ ನೋವು ಮೊದಲಿನಷ್ಟಕ್ಕೆ ಇಳಿದರೆ ಅಳತೆ ಸರಿ ಇದೆ ಅಂತ. ನಿಮ್ಮ ಸ್ನಾಯು ಹರಿದಿಲ್ಲ, ನೋವು ತಿಳಿಸುವ ನರಗಳು ಅತಿ ಚುರುಕಾಗಿವೆ. ಯುರೋಪಿನ ಕೀಲುರೋಗ ತಜ್ಞರ ಸಂಘ ಈ ಕಾಯಿಲೆಗೆ 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ ಬಲವಾಗಿ ಒತ್ತಿ ಹೇಳಿದ್ದು ವ್ಯಾಯಾಮ ಒಂದನ್ನೇ.

ಹಾಸನ: ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು ಮೇಡಂ?

ಫಿಸಿಯೋ: ಮೇಲೆ ಬರೆದಿದ್ದೇನೆ.

ದಾವಣಗೆರೆ: ಅಮ್ಮನಿಗೆ 68 ವರ್ಷ. ಒಂದೂವರೆ ತಿಂಗಳಿಂದ ಬೆಳಿಗ್ಗೆ ಎರಡೂ ಭುಜ, ಸೊಂಟ, ತೊಡೆ ಹಿಡಿದುಕೊಳ್ಳುತ್ತವೆ. ತಲೆ ಬಾಚಲು ಕೈ ಎತ್ತಲಾಗುವುದಿಲ್ಲ. ಹತ್ತು ಗಂಟೆ ಮೇಲೆ ಸಡಿಲವಾಗುತ್ತದೆ. ಈ ವಾರ ಕಣತಲೆ ನೋವು ಬೇರೆ. ರೊಟ್ಟಿ ಅಗಿದರೆ ದವಡೆ ನೋಯುತ್ತದಂತೆ. ಯಾವ ವ್ಯಾಯಾಮ ಮಾಡಿಸಲಿ?

ಫಿಸಿಯೋ: ಯಾವುದೂ ಬೇಡ. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 50 ದಾಟಿದವರಿಗೆ ಹೀಗೆ ಬೆಳಿಗ್ಗೆ ಹಿಡಿದುಕೊಂಡರೆ ಪಾಲಿಮಯಾಲ್ಜಿಯಾ ರುಮಾಟಿಕಾ, ಅಂದರೆ ಭುಜ, ಸೊಂಟದ ಸುತ್ತ ಉರಿಯೂತ ಬರುವ ಕಾಯಿಲೆ ಇರಬಹುದು. ಅದು ವ್ಯಾಯಾಮದಿಂದ ಹೋಗುವುದಲ್ಲ. ನನಗೆ ಭಯ ಆಗುತ್ತಿರುವುದು ಕಣತಲೆ, ದವಡೆಯ ನೋವಿನಿಂದ. ತಲೆಯ ರಕ್ತನಾಳದಲ್ಲಿ ಉರಿಯೂತ ಆದರೂ ಹೀಗೇ ನೋಯುತ್ತದೆ. ಕಣ್ಣಿಗೆ ರಕ್ತ ಹೋಗುವುದು ನಿಂತರೆ ದೃಷ್ಟಿ ಹೋಗುತ್ತದೆ, ಹೋದದ್ದು ಮರಳಿ ಬರುವುದು ಕಷ್ಟ. ಬೇಗ ಸ್ಟಿರಾಯ್ಡ್ ಶುರುಮಾಡಿದರೆ ಕಣ್ಣು ಉಳಿಸಬಹುದು. ಇಎಸ್‌ಆರ್, ಸಿಆರ್‌ಪಿ ಅಂತ ಉರಿಯೂತ ತಿಳಿಸುವ ರಕ್ತಪರೀಕ್ಷೆ ಮಾಡಿಸುತ್ತಾರೆ. ಕಣ್ಣು ಮಂಜಾಗಿದೆಯಾ, ಒಂದು ಎರಡಾಗಿ ಕಾಣುತ್ತಿದೆಯಾ, ಈಗಲೇ ಕೇಳಿ.

ಮೈಸೂರು: ಇದಕ್ಕೆಲ್ಲ ಆಸ್ಪತ್ರೆ ಯಾಕೆ? ಎಕ್ಕದ ಎಲೆ ಬಿಸಿಮಾಡಿ ಕಟ್ಟಿ. ನನಗೆ ಬಂದ ಫಾರ್ವರ್ಡ್ ಹಾಕಿದ್ದೇನೆ, ನೋಡಿ.

ಫಿಸಿಯೋ: ಅದನ್ನು ಅಳಿಸಿ. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರೆ ಇನ್ನೂ ಅಪಾಯ. ಎಷ್ಟು ಸಲ ಹೇಳಬೇಕು?

ಶಿವಮೊಗ್ಗ: ಮನೆಕೆಲಸ ಮಾಡಿದರೆ ಸಾಕು, ಬೇರೆ ವ್ಯಾಯಾಮ ಬೇಕಾ? ನಮ್ಮಜ್ಜಿ ಎಲ್ಲಿಗೆ ವಾಕಿಂಗ್ ಹೋಗಿದ್ದರು?

ತುಮಕೂರು: ಅಣ್ಣಾ, ಒಂದು ದಿನ ಕುಕ್ಕರುಗಾಲಲ್ಲಿ ಕೂತು ಮನೆಯೆಲ್ಲ ಒರೆಸಿ ನೋಡಿ. ನೋವಾಯಿತು ಅಂತ ಅರ್ಧಕ್ಕೆ ಬಿಡೋ ಹಾಗಿದೆಯಾ?

ಶಿವಮೊಗ್ಗ: ಈಗಿನವರಿಗೆ ಎಲ್ಲಾ ನೆಪ.

ಹಾಸನ: ನೋವು ತಿನ್ನುತ್ತಿರುವವರಿಗೆ ಹೀಗೆ ಮಾತಾಡಬೇಡಿ.

ಶಿವಮೊಗ್ಗ: ನಾನು ನಿಮ್ಮನ್ನು ಕೇಳಲಿಲ್ಲ.

ಬಳ್ಳಾರಿ: ಕೊಲೆಸ್ಟರಾಲ್ ಮಾತ್ರೆ ಶುರುವಾದ ಮೇಲೆ ತೊಡೆ ನೋವು ಬಂದಿದೆ. ನಡೆಯಬಹುದಾ ಮೇಡಂ?

ಫಿಸಿಯೋ: ಜಗಳ ನಿಲ್ಲಿಸಿ. ತುಮಕೂರಿನವರು ಹೇಳಿದ್ದು ನಿಜ. ವ್ಯಾಯಾಮದ ಅಳತೆ ನಮ್ಮ ಕೈಯಲ್ಲಿರುತ್ತದೆ, ಮನೆಕೆಲಸದ್ದು ಇರುವುದಿಲ್ಲ. ದಾವಣಗೆರೆಯವರೇ, ಹೊರಟಿರಾ?

ಮಂಡ್ಯ: ಎಷ್ಟು ನಿಮಿಷದಿಂದ ಶುರುಮಾಡಬೇಕು?

ಫಿಸಿಯೋ: ಮೇಲೆ ಓದಿ. ದಾವಣಗೆರೆಯವರೇ?

ದಾವಣಗೆರೆ: ಆಟೋದಲ್ಲಿದ್ದೇವೆ ಮೇಡಂ. ಎಡಗಣ್ಣು ನಿನ್ನೆಯಿಂದ ಮಂಜು ಮಂಜು ಅಂತ ಈಗ ಹೇಳುತ್ತಿದ್ದಾರೆ.

ಫಿಸಿಯೋ: ನೇರ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕಣ್ಣಿನ ವಿಷಯ ಮೊದಲು ಹೇಳಿ, ಭುಜದ ನೋವು ಆಮೇಲೆ.