ಸಹಾಯ ಬೇಕು: ಟಬೋರಾದ 20 ಹೆಲ್ಲರ್ ನಾಣ್ಯ ಹಿತ್ತಾಳೆಯೋ, ತಾಮ್ರವೋ?

ಜರ್ಮನ್ ಪೂರ್ವ ಆಫ್ರಿಕಾದ 1916ರ 20 ಹೆಲ್ಲರ್, ಟಬೋರಾದಲ್ಲಿ (ಈಗಿನ ಟಾಂಜಾನಿಯಾದ ಊರು) ಒತ್ತಿದ್ದಕ್ಕೆ 'ಟಿ' ಗುರುತಿನದು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಇದನ್ನ ಎರಡೂ ಲೋಹದಲ್ಲಿ ಒತ್ತಿದ್ದರು. ಈ ನಾಣ್ಯ ಪೂರ್ತಿ ಕಡುಕಂದು. ಒಂದು ದಿನ ಅಸಿಟೋನ್‌ನಲ್ಲಿ ನೆನೆಸಿದ್ರೂ ಜಿಡ್ಡು ಹೋಯ್ತೇ ಹೊರತು ಬಣ್ಣ ಬದಲಾಗಲಿಲ್ಲ. ಒಣ ತೂಕ 11.45 ಗ್ರಾಂ, ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟಾಗ ಕಡಿಮೆಯಾಗಿದ್ದು 1.31. ಒಣ ತೂಕವನ್ನ ಅದರಿಂದ ಭಾಗಿಸಿದ್ರೆ ಸಾಂದ್ರತೆ 8.74. ತಾಮ್ರ 8.9ರ ಮೇಲಿರಬೇಕು, ಹಿತ್ತಾಳೆ 8.5ರ ಆಸುಪಾಸು, ಇದು ನಡುವೆ ಸಿಕ್ಕಿಕೊಂಡಿದೆ. ತಕ್ಕಡಿ 0.01 ಗ್ರಾಂ ತಪ್ಪಿದ್ರೂ ಉತ್ತರ 0.07ರಷ್ಟು ಜಾರುತ್ತೆ. ಗುಳ್ಳೆ ಅಂಟದಿರಲಿ ಅಂತ ನೀರಿಗೆ ಸೋಪಿನ ಹನಿಯೂ ಹಾಕಿದ್ದಾಯ್ತು.

ಹುಣಸೆಹಣ್ಣು ಹಾಕಿ ಉಜ್ಜಿ ಅಂತ ಮಾತ್ರ ಹೇಳಬೇಡಿ, ಬೆಲೆಯೇ ಹೋಗುತ್ತೆ!

ಚಿನ್ನದಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳೋದು) ಮೇಲ್ಪದರವನ್ನಷ್ಟೇ ಓದೋದು. ಹಿತ್ತಾಳೆ ಅಂದ್ರೆ ತಾಮ್ರ-ಸತುವಿನ ಮಿಶ್ರಣ; ಈ ಕಂದು ಪದರದ ಮೇಲಿಂದ ಸತುವಿನ ಪ್ರಮಾಣ ನಂಬಬಹುದಾ, ಇಲ್ಲಾ ಅಂಚು ಕೆರೆಯದೆ ತಿಳಿಯೋ ಬೇರೆ ದಾರಿ ಇದೆಯಾ?