ಕಂಪ್ರೆಸರ್ ಜಾಗ ಬದಲಿಸಿದ ಮೇಲೆ ಎಂಸಿಬಿ ಬೀಳುತ್ತಿದೆ, ಸಹಾಯ ಮಾಡಿ

ಉಳಿಸುತ್ತಿಗೆ: ತಲೆ ಕೆಟ್ಟುಹೋಗಿದೆ. ಮನೆಯ ವರ್ಕ್‌ಶಾಪಿನಲ್ಲಿ ಎಲ್ಲ ಮಷಿನ್‌ಗೂ ಚಕ್ರ ಹಾಕಿಸಿ, ಬೇಕಾದ ಕಡೆ ತಳ್ಳಿಕೊಂಡು ಹೋಗುವ ಹಾಗೆ ಮಾಡಿದ್ದೇನೆ. ಬಣ್ಣದ ಗನ್‌ಗೆ ಗಾಳಿ ಕೊಡುವ 2 ಎಚ್‌ಪಿ ಕಂಪ್ರೆಸರ್ ಈಗ ಬೆಂಚ್ ಪಕ್ಕ ಇದೆ. ಟ್ಯಾಂಕ್ ಖಾಲಿ ಇದ್ದಾಗ ಸ್ಟಾರ್ಟ್ ಆಗುತ್ತದೆ. ಪ್ರೆಶರ್ ಇಳಿದು ಮತ್ತೆ ಆನ್ ಆಗುವಾಗ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತದೆ. ಮೊದಲಿನ ಜಾಗದಲ್ಲಿ ಈ ತೊಂದರೆಯೇ ಇರಲಿಲ್ಲ. ಕಪಾಟಿಗೆ ಅರ್ಧ ಬಣ್ಣ ಹೊಡೆದು ನಿಲ್ಲಿಸಿದ್ದೇನೆ. ಏನು ಮಾಡಲಿ?

ತಾಮ್ರತಂತಿ: ಬಿ ಟೈಪ್ ಎಂಸಿಬಿ ಇರಬೇಕು. ಅದು ರೇಟಿಂಗ್‌ನ 3ರಿಂದ 5 ಪಟ್ಟು ಕರೆಂಟ್‌ಗೇ ತಕ್ಷಣ ಬೀಳುತ್ತದೆ. ಸಿ ಟೈಪ್ ಆದರೆ 5ರಿಂದ 10 ಪಟ್ಟು. ಮೋಟಾರ್‌ಗೆ ಸಿ ಬೇಕೇ ಬೇಕು.

ಗಾಳಿಪೈಪ್: ನನಗೆ ಅನ್‌ಲೋಡರ್ ವಾಲ್ವ್ ಮೇಲೆ ಅನುಮಾನ, ಅಂದರೆ ಮೋಟಾರ್ ನಿಂತಾಗ ಪಂಪಿನಲ್ಲಿ ಉಳಿದ ಗಾಳಿ ಹೊರಬಿಡುವ ವಾಲ್ವ್. ಮೋಟಾರ್ ನಿಂತಾಗ ಪುಸ್ ಅಂತ ಗಾಳಿ ಬಿಡುತ್ತದಾ?

ಉಳಿಸುತ್ತಿಗೆ: ಪುಸ್ ಅನ್ನುತ್ತದೆ. ಎಂಸಿಬಿ ಸಿ ಟೈಪ್, 16 ಆಂಪ್.

ತಾಮ್ರತಂತಿ: ಹಾಗಾದರೆ ಡಿ ಟೈಪ್ ಹಾಕಿ. ಇಲ್ಲ ಅಂದರೆ 25 ಆಂಪ್‌ಗೆ ಹೋಗಿ.

ಹಳೇಬೆಂಚು: ದಯವಿಟ್ಟು ಬೇಡ. ಎಂಸಿಬಿ ಇರುವುದು ವೈರ್ ಕಾಪಾಡೋಕೆ. ವೈರ್ ಎಷ್ಟು ದಪ್ಪ ಅಂತ ಕೇಳದೆ ರೇಟಿಂಗ್ ಏರಿಸಿದರೆ ವೈರೇ ಸುಡುತ್ತದೆ. ಸರ್, ಆನ್ ಆದ ತಕ್ಷಣ ಬೀಳುತ್ತದಾ, ಗುಂಯ್ ಅಂತ ಒದ್ದಾಡಿ ಆಮೇಲಾ? ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ?

ಉಳಿಸುತ್ತಿಗೆ: ಗುಂಯ್ ಅಂದು ಆಮೇಲೆ. ಆ ಕಡೆ ಸಾಕೆಟ್ ಇಲ್ಲವಲ್ಲ, ಎಕ್ಸ್‌ಟೆನ್ಷನ್ ಡ್ರಮ್‌ನಿಂದ. 25 ಮೀಟರ್, 1.5 ಸ್ಕ್ವೇರ್ ಎಂಎಂ. ಮುಕ್ಕಾಲು ಭಾಗ ಸುತ್ತಿಯೇ ಇದೆ.

ಹಳೇಬೆಂಚು: ಅಲ್ಲೇ ಇದೆ ನೋಡಿ. ಹೋಗಿ ಬರುವ 50 ಮೀಟರ್ ತಂತಿಗೆ ಸುಮಾರು 0.6 ಓಮ್. ಸ್ಟಾರ್ಟಿಂಗ್‌ನಲ್ಲಿ 50 ಆಂಪ್ ಎಳೆದರೆ 30 ವೋಲ್ಟ್ ದಾರಿಯಲ್ಲೇ ಹೋಯಿತು. 230 ಇದ್ದದ್ದು 200 ಆದರೆ ಮೋಟಾರಿನ ತಿರುಗುವ ಬಲ ಕಾಲು ಭಾಗದಷ್ಟು ಇಳಿಯುತ್ತದೆ. ಖಾಲಿ ಟ್ಯಾಂಕ್‌ಗೆ ಅದು ಸಾಕು, ತುಂಬಿದ ಟ್ಯಾಂಕ್‌ಗೆ ಸಾಲದು. ಮೋಟಾರ್ ತಿರುಗಲಾಗದೆ ಜಾಸ್ತಿ ಕರೆಂಟ್ ಎಳೆಯುತ್ತಲೇ ಇರುತ್ತದೆ, ಎಂಸಿಬಿ ಬೀಳುತ್ತದೆ. ಸುತ್ತಿದ ಡ್ರಮ್ ಬಿಸಿಯೂ ಆಗುತ್ತದೆ, ಅದು ಬೆಂಕಿಗೇ ದಾರಿ. ಕಂಪ್ರೆಸರ್ ಬೋರ್ಡ್ ಪಕ್ಕಕ್ಕೇ ಇರಲಿ. ದೂರ ಒಯ್ಯಬೇಕಾದ್ದು ಗಾಳಿಯನ್ನು. ಒಳಗಡೆ 10 ಎಂಎಂ ಇರುವ ರಬ್ಬರ್ ಹೋಸ್ ಹಾಕಿ. ಚಕ್ರದ ಮೇಲಿನ ವರ್ಕ್‌ಶಾಪಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ರಂದದಗೆಳೆಯ: ಹೋಸ್ ಯಾಕೆ? ನಾನು ಗೋಡೆಗುಂಟ ಪಿವಿಸಿ ಪೈಪ್ ಎಳೆದು ಆರು ಕಡೆ ಕನೆಕ್ಷನ್ ಕೊಟ್ಟಿದ್ದೇನೆ. ಪೈಪ್ ಮೇಲೆ 10 ಬಾರ್ ಅಂತ ಬರೆದಿದೆ.

ಗಾಳಿಪೈಪ್: ಆ 10 ಬಾರ್ ನೀರಿಗೆ. ನೀರಿನ ಪೈಪ್ ಒಡೆದರೆ ಸೋರುತ್ತದೆ. ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗಿ ಪಿವಿಸಿ ಚೂರುಗಳನ್ನು ಎಸೆಯುತ್ತದೆ. ದಯವಿಟ್ಟು ತೆಗೆಸಿ.

ರಂದದಗೆಳೆಯ: ವರ್ಷಗಳಿಂದ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಗಾಳಿಪೈಪ್: ವರ್ಷ ಕಳೆದಷ್ಟೂ ಪಿವಿಸಿ ಪೆಡಸಾಗುತ್ತದೆ. ಪಕ್ಕದಲ್ಲಿ ನಿಲ್ಲುವವರು ನೀವೇ ಅಲ್ವಾ? ತಾಮ್ರ ಅಥವಾ ಅಲ್ಯೂಮಿನಿಯಂ ಹಾಕಿ.

ಬಣ್ಣದಗನ್: ನನ್ನದು ಪೂರ್ತಿ ತಾಮ್ರ. 100ಕ್ಕೆ 1ರಷ್ಟು ಇಳಿಜಾರು, ಕೊನೆಯಲ್ಲಿ ಡ್ರೈನ್. ಪ್ರತಿ ಕವಲನ್ನೂ ಮೇನ್ ಪೈಪಿನ ಮೇಲ್ಭಾಗದಿಂದಲೇ ತೆಗೆದಿದ್ದೇನೆ, ತಳದ ನೀರು ಗನ್‌ಗೆ ಬರದ ಹಾಗೆ. ಸೂರಿನಿಂದ ಹೋಸ್ ರೀಲ್ ಒಂದು, ವೈರ್ ರೀಲ್ ಒಂದು, ದೂರ ದೂರ ಇಳಿಬಿಟ್ಟಿದ್ದೇನೆ. ನೆಲದ ಮೇಲೆ ಕಾಲಿಗೆ ಸಿಗುವಂಥದ್ದು ಏನೂ ಇಲ್ಲ.

ತಾಮ್ರತಂತಿ: ಚೆನ್ನಾಗಿದೆ. ಮೇಲಿನ ವೈರ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಹಾಕಿದ್ದೀರಾ?

ಬಣ್ಣದಗನ್: ಹಾಕಿದ್ದೇನೆ.

ಉಳಿಸುತ್ತಿಗೆ: ಕಂಪ್ರೆಸರ್ ಬೋರ್ಡ್ ಪಕ್ಕಕ್ಕೆ ಹೋಯಿತು, ಹೋಸ್ ಹಾಕಿದೆ. ಎಷ್ಟು ಸಲ ಆನ್ ಆದರೂ ಎಂಸಿಬಿ ಬೀಳುತ್ತಿಲ್ಲ! ಹಳೇಬೆಂಚು ಸರ್, ತುಂಬಾ ಥ್ಯಾಂಕ್ಸ್. ಆದರೆ ಈಗ ಬಣ್ಣದ ಜೊತೆ ನೀರಿನ ಹನಿ ಬರುತ್ತಿದೆ. ಫಿಲ್ಟರ್ ಕಂಪ್ರೆಸರ್ ಬಾಯಿಗೇ ಇದೆ.

ಬಣ್ಣದಗನ್: ಅಲ್ಲಿ ಗಾಳಿ ಇನ್ನೂ ಬಿಸಿ. ನೀರು ಆವಿಯಾಗೇ ಫಿಲ್ಟರ್ ದಾಟಿ ಹೋಗುತ್ತದೆ, ಹೋಸ್‌ನಲ್ಲಿ ತಣ್ಣಗಾದ ಮೇಲೆ ಹನಿಯಾಗುತ್ತದೆ. ಫಿಲ್ಟರನ್ನು ಬೆಂಚ್ ಕಡೆಯ ತುದಿಗೆ ಹಾಕಿ, ಟ್ಯಾಂಕಿನ ತಳದ ಡ್ರೈನ್ ಕೆಲಸ ಮುಗಿದಾಗಲೆಲ್ಲ ಬಿಡಿ. ಆಮೇಲೂ ಹನಿ ಬಂದರೆ ಹೋಸ್ ಎಷ್ಟು ಉದ್ದ ಅಂತ ಹೇಳಿ, ಮುಂದೆ ನೋಡೋಣ.