ಬಿದ್ದ ಮೇಲೆ ಮುಂದಿನ ಚಕ್ರ ಎಡಗಡೆ ಬ್ರೇಕಿಗೆ ತಾಗ್ತಿದೆ: ರಿಮ್ ಹೋಗಿದೆಯಾ, ಕಡ್ಡಿ ಸಡಿಲ ಆಗಿದೆಯಾ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಇಳಿದು ಬರ್ತಿದ್ದೆ. ರಾತ್ರಿ ಮಳೆ ಬಂದಿದ್ದರಿಂದ ತಿರುವಿನಲ್ಲಿ ಮರಳು ಕೂತಿತ್ತು. ಬ್ರೇಕ್ ಹಿಡಿದ ತಕ್ಷಣ ಮುಂದಿನ ಚಕ್ರ ಜಾರಿ, ಡಾಂಬರಿನಿಂದ ಕೆಳಗಿಳಿದು ಕಲ್ಲಿನ ಅಂಚಿಗೆ ಬಡಿಯಿತು. ವೇಗ ಜಾಸ್ತಿ ಇರಲಿಲ್ಲ, ಎಡಕ್ಕೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಿಲ್ಲ.

ಗಾಡಿ ಮೂರು ವರ್ಷದ ಹೈಬ್ರಿಡ್. 700ಸಿ ಚಕ್ರ, ಡಬಲ್ ವಾಲ್ (ಎರಡು ಪದರದ) ಅಲಾಯ್ ರಿಮ್, ಮುಂದೆ 32 ಕಡ್ಡಿ, ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್, ಚಕ್ರ ಬಿಚ್ಚಲು ಕ್ವಿಕ್ ರಿಲೀಸ್ ಲಿವರ್, ಸ್ಟೀಲ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು). ಈಗ ಚಕ್ರ ಒಂದು ಸುತ್ತು ಬಂದಾಗ ಒಂದು ಕಡೆ ಎಡಗಡೆ ಬ್ರೇಕ್ ಶೂಗೆ ಗಟ್ಟಿಯಾಗಿ ಉಜ್ಜುತ್ತದೆ. ಮುಂದಿನ ಬ್ರೇಕ್ ಬಿಚ್ಚಿಟ್ಟು ನಿಧಾನವಾಗಿ ಮನೆಗೆ ತಂದೆ.

ಅಂಗಡಿಗೆ ತಗೊಂಡು ಹೋದೆ. ಅವರು ಚಕ್ರ ಒಂದು ಸಲ ತಿರುಗಿಸಿ ನೋಡಿ, "ರಿಮ್ ಔಟ್ ಆಗಿದೆ, ಪೂರ್ತಿ ವೀಲೇ ಹಾಕಿಸಿಬಿಡಿ" ಅಂದರು. ಅದು ಬಿಟ್ಟು ಬೇರೆ ದಾರಿ ಇದೆಯಾ? ನನ್ನ ಹತ್ತಿರ ಕಡ್ಡಿ ಬಿಗಿ ಮಾಡುವ ಸ್ಪೋಕ್ ಕೀ ಇದೆ, ಇದುವರೆಗೂ ಉಪಯೋಗಿಸಿಲ್ಲ.

ಉತ್ತರ (ಶಿವಮೊಗ್ಗದಿಂದ)

ದೊಡ್ಡ ಪೆಟ್ಟಾಗಲಿಲ್ಲವಲ್ಲ, ಅದು ಸಮಾಧಾನ. ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ಹೊರಗಿನಿಂದ ಚೆನ್ನಾಗಿ ಕಂಡರೂ ಅದನ್ನು ಬದಲಾಯಿಸಿ.

ಸ್ಪೋಕ್ ಕೀ ಸದ್ಯಕ್ಕೆ ಪಕ್ಕಕ್ಕಿಡಿ. ಬಿದ್ದ ಗಾಡಿಯಲ್ಲಿ ಚಕ್ರ ಬ್ರೇಕಿಗೆ ತಾಗುವುದಕ್ಕೆ ನಾಲ್ಕು ಕಾರಣ ಇರಬಹುದು: ಫೋರ್ಕ್ ಬಾಗಿರುವುದು, ಚಕ್ರ ಫೋರ್ಕಿನಲ್ಲಿ ಓರೆಯಾಗಿ ಕೂತಿರುವುದು, ಕಡ್ಡಿ ಸಡಿಲವಾಗಿರುವುದು, ರಿಮ್ಮೇ ಬಾಗಿರುವುದು. ಯಾವುದು ಅಂತ ಗೊತ್ತಾಗುವ ಮೊದಲೇ ಕಡ್ಡಿ ಬಿಗಿ ಮಾಡಿದರೆ, ಸರಿಯಿದ್ದ ಚಕ್ರವನ್ನು ಸೊಟ್ಟಗಿರುವ ಫೋರ್ಕಿಗೆ ಹೊಂದಿಸಿದ ಹಾಗಾಗುತ್ತದೆ.

ಮೊದಲು ಫೋರ್ಕ್ ನೋಡಿ, ಯಾಕೆಂದರೆ ಜೀವಕ್ಕೆ ಅಪಾಯ ಇರುವುದು ಅಲ್ಲಿ. ಗಾಡಿಯನ್ನು ಪಕ್ಕದಿಂದ ನೋಡಿದಾಗ ಚಕ್ರ ಹಿಂದಕ್ಕೆ, ಡೌನ್ ಟ್ಯೂಬಿನ (ಫ್ರೇಮಿನ ಕೆಳಗಿನ ಓರೆ ಕೊಳವೆಯ) ಕಡೆಗೆ ಸರಿದ ಹಾಗಿದೆಯಾ? ಫೋರ್ಕಿನ ಎರಡು ಕಾಲುಗಳು ಒಂದರ ಹಿಂದೊಂದು ಸರಿಯಾಗಿ ಮುಚ್ಚಿಕೊಳ್ಳುತ್ತವಾ? ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯ) ಕೆಳಗೆ, ಡೌನ್ ಟ್ಯೂಬ್ ಸೇರುವ ಜಾಗದಲ್ಲಿ ಬೆರಳು ಆಡಿಸಿ. ಬಣ್ಣ ಬಿರಿದಿದ್ದರೆ, ಲೋಹ ಸುಕ್ಕಾಗಿದ್ದರೆ ಗಾಡಿ ಓಡಿಸಲೇಬೇಡಿ. ಹ್ಯಾಂಡಲ್ ತಿರುಗಿಸಿದಾಗ ಎಲ್ಲೂ ಹಿಡಿದುಕೊಳ್ಳಬಾರದು.

ಅದಾದ ಮೇಲೆ ಗಾಡಿಯನ್ನು ಚಕ್ರಗಳ ಮೇಲೆ ನೆಟ್ಟಗೆ ನಿಲ್ಲಿಸಿ ಕ್ವಿಕ್ ರಿಲೀಸ್ ಸಡಿಲ ಮಾಡಿ. ಹ್ಯಾಂಡಲ್ ಮೇಲೆ ಭಾರ ಹಾಕಿದರೆ ಆಕ್ಸಲ್ ತಾನಾಗಿ ಜಾಗಕ್ಕೆ ಕೂರುತ್ತದೆ. ಮತ್ತೆ ಬಿಗಿ ಮಾಡಿ. ಗಾಡಿ ಮಗುಚಿಟ್ಟು ಮಾಡಬೇಡಿ. ಆಮೇಲೆ ಚಕ್ರ ಬಿಚ್ಚಿ, ಎಡ ಬಲ ತಿರುವಿ ಹಾಕಿ. ಡಿಸ್ಕ್ ಇಲ್ಲದ ಮುಂದಿನ ಚಕ್ರದಲ್ಲಿ ಈ ಅನುಕೂಲ ಇದೆ. ತಿರುವಿ ಹಾಕಿದ ಮೇಲೂ ಇಡೀ ರಿಮ್ ಎಡಗಾಲಿಗೇ ಹತ್ತಿರ ಇದ್ದರೆ ತಪ್ಪು ಫೋರ್ಕಿನದು. ಬಲಕ್ಕೆ ಬದಲಾದರೆ ಚಕ್ರದ್ದು.

ಕೊನೆಗೆ ಆಕ್ಸಲ್ ಹಿಡಿದು ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ. ಲೊಡಲೊಡ ಅಂದರೆ ಕೋನ್ (ಆಕ್ಸಲ್ ಮೇಲೆ ಬೇರಿಂಗ್ ಬಿಗಿ ಹಿಡಿಯುವ ನಟ್ಟು) ಸಡಿಲ ಅಂತ ಅರ್ಥ, ಅದನ್ನು ಮೊದಲು ಸರಿಮಾಡಬೇಕು. ಇಷ್ಟು ನೋಡಿ ಬರೆಯಿರಿ.

ಉತ್ತರ (ವಿಜಯಪುರದಿಂದ)

ನಮ್ಮಪ್ಪಾರದ್ದು ಸೈಕಲ್ ರಿಪೇರಿ ಅಂಗಡಿ ಇತ್ರಿ. ರಿಮ್ ಬೆಂಡ್ ಆಗಿ ಬಂತಂದ್ರ ಕಡ್ಡಿ ಸಡ್ಲ ಮಾಡಿ, ಗಾಲಿ ನೆಲಕ್ಕ ಹಾಕಿ, ಕಾಲಿಲೆ ಒತ್ತಿ ಸೀದಾ ಮಾಡ್ತಿದ್ರು. ಆಮ್ಯಾಲ ಕಡ್ಡಿ ಬಿಗಿ ಮಾಡಿ ಔಟ್ (ಓಲಾಟ) ತಗೀತಿದ್ರು. ಎಷ್ಟೋ ಗಾಲಿ ಹಂಗ ಓಡ್ಯಾವ. ಹೊಸಾದು ತಗೊಳ್ಳೂಕಿಂತ ಮೊದ್ಲ ಇದನ್ನ ಮಾಡಿ ನೋಡ್ರಿ.

ಉತ್ತರ (ಶಿವಮೊಗ್ಗದಿಂದ)

ನಿಮ್ಮ ತಂದೆಯವರು ಮಾಡುತ್ತಿದ್ದದ್ದು ಸರಿಯಾದ ಕೆಲಸವೇ. ನಮ್ಮ ಊರುಗಳ ಹಳೇ ಕಪ್ಪು ಸೈಕಲ್‌ಗಳಿಗೆ ಸ್ಟೀಲ್ ರಿಮ್ಮು, ಮುಂದೆ 32 ಕಡ್ಡಿ, ಹಿಂದೆ 40. ಆ ಸ್ಟೀಲು ಬಾಗಿದರೆ ಮತ್ತೆ ಬಾಗಿಸಬಹುದು. ಆದರೆ ಡಬಲ್ ವಾಲ್ ಅಲಾಯ್ ರಿಮ್ ಒಂದು ಸಲ ಮಡಿಚಿದ ಜಾಗದಲ್ಲಿ ಹಿಂದಕ್ಕೆ ಒತ್ತಿದರೆ ಬಿರುಕು ಬಿಡಬಹುದು, ಅದೂ ಮುಂದಿನ ಚಕ್ರದಲ್ಲಿ. ಕಾಡಿನ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲು ನಾನೂ ಹಾಗೆ ಮಾಡಿದ್ದೇನೆ. ಬೆಟ್ಟ ಇಳಿಯುವ ಗಾಡಿಗೆ ಅದನ್ನೇ ರಿಪೇರಿ ಅಂತ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಇಷ್ಟಕ್ಕೂ ಇಲ್ಲಿ ರಿಮ್ಮೇ ಬಾಗಿದೆಯಾ ಅನ್ನುವುದು ಇನ್ನೂ ಗೊತ್ತಾಗಿಲ್ಲ.

ಪ್ರಶ್ನೆ ಕೇಳಿದವರು

ಸರ್, ಎಲ್ಲ ನೋಡಿದೆ. ಫೋರ್ಕಿನಲ್ಲಿ ಬಿರುಕು, ಸುಕ್ಕು ಯಾವುದೂ ಇಲ್ಲ. ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ. ಮೊದಲು ಇಡೀ ಚಕ್ರ ಎಡಕ್ಕೆ ಸುಮಾರು 2 ಮಿಲಿಮೀಟರ್ ಸರಿದಿತ್ತು, ತಿರುವಿ ಹಾಕಿದರೂ ಎಡಕ್ಕೇ ಇತ್ತು, ಹೆದರಿಕೆಯಾಯಿತು. ಆಮೇಲೆ ನೋಡಿದರೆ ನಾನು ಗಾಡಿ ಮಗುಚಿಟ್ಟೇ ಬಿಗಿ ಮಾಡಿದ್ದೆ. ನೆಟ್ಟಗೆ ನಿಲ್ಲಿಸಿ ನೀವು ಹೇಳಿದ ಹಾಗೆ ಮಾಡಿದಾಗ ಚಕ್ರ ನಡುವಿಗೆ ಬಂತು, ತಿರುವಿ ಹಾಕಿದರೂ ನಡುವಿಗೇ ಇತ್ತು. ಚಕ್ರ ಈಗ ಮೊದಲಿನ ದಿಕ್ಕಿಗೇ ಹಾಕಿದ್ದೇನೆ.

ಇಷ್ಟಾದರೂ ಒಂದೇ ಜಾಗದಲ್ಲಿ ಎಡಕ್ಕೆ ಹೋಗುವುದು ನಿಂತಿಲ್ಲ. ಫೋರ್ಕಿಗೆ ಜಿಪ್ ಟೈ ಕಟ್ಟಿ ಅದರ ತುದಿಯಿಂದ ಅಳೆದೆ, 4 ಮಿಲಿಮೀಟರ್ ಇದೆ. ಚಕ್ರದ ನಡುವಿನ ಹಬ್ಬಿನಲ್ಲಿ ಅಲುಗಾಟ ಇಲ್ಲ.

ಉತ್ತರ (ಶಿವಮೊಗ್ಗದಿಂದ)

ಒಂದು ಸಮಸ್ಯೆ ಕಳೆಯಿತು. ಉಳಿದದ್ದನ್ನು ಕಿವಿಯಿಂದ ಕಂಡುಹಿಡಿಯಬಹುದು.

ಟೈರು, ಟ್ಯೂಬು ತೆಗೆಯಿರಿ. ಟೈರಿನ ಪಕ್ಕ ಎಲ್ಲಾದರೂ ಕೊಯ್ದಿದೆಯಾ ಅಂತ ಆಗಲೇ ನೋಡಿಬಿಡಿ. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ. 32ರಲ್ಲಿ 16 ಹಬ್ಬಿನ ಎಡಕ್ಕೆ, 16 ಬಲಕ್ಕೆ ಹೋಗುತ್ತವೆ, ರಿಮ್ಮಿನಲ್ಲಿ ಒಂದು ಬಿಟ್ಟು ಒಂದು. ನಿಮ್ಮದರಂಥ ಮುಂದಿನ ಚಕ್ರದಲ್ಲಿ ಎರಡೂ ಕಡೆಯವು ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ಇರಬೇಕು. ಬಿಗಿ ಇದ್ದರೆ ಸ್ವರ ಮೇಲೆ, ಸಡಿಲ ಇದ್ದರೆ ಕೆಳಗೆ. ತಂಬೂರಿ ತಂತಿಯ ಲೆಕ್ಕವೇ.

ರಿಮ್ ಎಡಕ್ಕೆ ಹೋಗಿರುವ ಜಾಗದಲ್ಲಿ ಬಲಗಡೆಯ ಕಡ್ಡಿಗಳು ಸಡಿಲ, ಎಡಗಡೆಯದು ಬಿಗಿ ಇದ್ದರೆ, ರಿಮ್ಮನ್ನು ಎಳೆದಿರುವುದು ಕಡ್ಡಿ. ಇದು ಸರಿಹೋಗುತ್ತದೆ. ಬಲಗಡೆಯವು ಆಗಲೇ ಅತಿ ಬಿಗಿ, ಎಡಗಡೆಯವು ಸಡಿಲ ಇದ್ದು, ಆದರೂ ರಿಮ್ ಎಡಕ್ಕೇ ಇದೆ ಅಂದರೆ ರಿಮ್ಮೇ ಬಾಗಿದೆ. ಬಲಗಡೆಯ ಕಡ್ಡಿಗಳು ಅದನ್ನು ವಾಪಸ್ ಎಳೆಯುತ್ತಲೇ ಇವೆ, ಅದು ಬರುತ್ತಿಲ್ಲ. ಆಗ ಅಂಗಡಿಯವರ ಮಾತಿನಲ್ಲಿ ಅರ್ಧ ನಿಜ ಇದೆ. ಅರ್ಧ ಯಾಕೆಂದರೆ ರಿಮ್ ಮಾತ್ರ ಬದಲಾಯಿಸಿ ಹಬ್ ಉಳಿಸಿಕೊಳ್ಳಬಹುದು.

ಜೊತೆಗೆ ಜಿಪ್ ಟೈಯನ್ನು ರಿಮ್ಮಿನ ಹೊರ ಅಂಚಿಗೆ ತಿರುಗಿಸಿ, ಮೇಲೆ ಕೆಳಗೆ ಎಷ್ಟು ಏರಿಳಿತ ಇದೆ ನೋಡಿ. ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಕೂರುವ ತೂತುಗಳ ಸುತ್ತ ಕೂದಲೆಳೆಯಷ್ಟು ಬಿರುಕು ಇದ್ದರೂ ಬೇರೇನೂ ಮಾಡುವುದು ಬೇಡ, ರಿಮ್ ಬದಲಾಯಿಸಲೇಬೇಕು.

ಪ್ರಶ್ನೆ ಕೇಳಿದವರು

ವಾಲ್ವಿನಿಂದ ಎಣಿಸಿದರೆ 5ನೇದು, 7ನೇದು ಬಲಗಡೆಯವು. ಎರಡೂ ಮೀಟಿದರೆ "ದಪ್" ಅನ್ನುತ್ತವೆ, ಸ್ವರವೇ ಇಲ್ಲ. ನಡುವಿನ 6ನೇದು ಎಡಗಡೆಯದು, ಅದು ಎಲ್ಲಕ್ಕಿಂತ ಮೇಲಿನ ಸ್ವರ ಕೊಡುತ್ತದೆ. ಬಿರುಕು ಇಲ್ಲ. ಆ ಜಾಗದಲ್ಲಿ ರಿಮ್ ಸುಮಾರು 1 ಮಿಲಿಮೀಟರ್ ಒಳಕ್ಕೆ ತಗ್ಗಿದೆ.

ಉತ್ತರ (ಶಿವಮೊಗ್ಗದಿಂದ)

ಒಳ್ಳೆಯ ಸುದ್ದಿ. ಈ ಚಕ್ರ ಉಳಿಯುತ್ತದೆ.

ಆಗಿರುವುದು ಹೀಗೆ: ಕಲ್ಲಿಗೆ ಬಡಿದ ಜಾಗದಲ್ಲಿ ರಿಮ್ ಸ್ವಲ್ಪ ಒಳಕ್ಕೆ ಹೋಯಿತು. ಆ ಕ್ಷಣ ಕಡ್ಡಿಗಳ ಬಿಗಿ ಸಡಿಲಿ ನಿಪ್ಪಲ್ ತಿರುಗಿಕೊಂಡವು. ಮೂರು ವರ್ಷ ಕಡ್ಡಿ ನೋಡಿಸಿರದ ಚಕ್ರದಲ್ಲಿ ಇದು ಸುಲಭವಾಗಿ ಆಗುತ್ತದೆ.

ಎಲ್ಲರೂ ಮಾಡುವ ತಪ್ಪು, 5 ಮತ್ತು 7ನ್ನು ನೇರವಾಗಿ ಬಿಗಿ ಮಾಡುವುದು. ಯಾವ ಕಡ್ಡಿ ಬಿಗಿ ಮಾಡಿದರೂ ರಿಮ್ ಪಕ್ಕಕ್ಕೆ ಸರಿಯುವುದರ ಜೊತೆ ಹಬ್ಬಿನ ಕಡೆಗೂ ಸರಿಯುತ್ತದೆ. ನಿಮ್ಮ ರಿಮ್ ಅಲ್ಲಿ ಆಗಲೇ ತಗ್ಗಿದೆ, ತಗ್ಗು ಇನ್ನೂ ಆಳವಾಗುತ್ತದೆ. ಅದಕ್ಕೆ 6ನೇದನ್ನು ಮೊದಲು ಅರ್ಧ ಸುತ್ತು ಸಡಿಲ ಮಾಡಿ. ರಿಮ್ ಬಲಕ್ಕೂ ಬರುತ್ತದೆ, ಹೊರಕ್ಕೂ ಬರುತ್ತದೆ. ಆಮೇಲೆ 5 ಮತ್ತು 7ನ್ನು ಕಾಲು ಸುತ್ತು ಬಿಗಿ ಮಾಡಿ, ಚಕ್ರ ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಸಾಮಾನ್ಯ ಕಡ್ಡಿಯ ತುದಿಯ ಮರೆ (ಥ್ರೆಡ್) ಇಂಚಿಗೆ 56 ಸುತ್ತು, ಅಂದರೆ ನಿಪ್ಪಲ್ ಒಂದು ಪೂರ್ತಿ ಸುತ್ತಿಗೆ ಬರೀ 0.45 ಮಿಲಿಮೀಟರ್ ಸರಿಯುತ್ತದೆ. ಕಾಲು ಸುತ್ತು ಕಡಿಮೆ ಅನ್ನಿಸಬಹುದು, ಆದರೆ ರಿಮ್ಮಿಗೆ ಅದು ಬೇಕಾದಷ್ಟು.

ದಿಕ್ಕು ತಪ್ಪಬೇಡಿ. ಟೈರು ಕೂರುವ ಕಡೆಯಿಂದ ಸ್ಕ್ರೂಡ್ರೈವರ್ ಹಾಕಿ ತಿರುಗಿಸುತ್ತಿದ್ದೇನೆ ಅಂತ ಊಹಿಸಿಕೊಳ್ಳಿ: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ. ಹಬ್ಬಿನ ಕಡೆಯಿಂದ ನೋಡುತ್ತಿದ್ದರೆ ಅದು ಉಲ್ಟಾ ಕಾಣುತ್ತದೆ. ಕೀ ನಿಪ್ಪಲ್ಲಿಗೆ ಕಚ್ಚಿಕೊಂಡು ಕೂರಬೇಕು, ಸಡಿಲ ಕೀ ಮೂಲೆ ಸವೆಸಿಬಿಡುತ್ತದೆ. ನಿಪ್ಪಲ್ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ.

ಮುಗಿದ ಮೇಲೆ ಚಕ್ರದ ಸುತ್ತ ಅಕ್ಕಪಕ್ಕದ ಸಮಾನಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಂಗೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕಿ. ಟಿಣ್ ಟಿಣ್ ಅಂತ ಸದ್ದು ಬಂದರೆ ಗಾಬರಿ ಬೇಡ, ನುಲಿದುಕೊಂಡ ಕಡ್ಡಿ ಬಿಚ್ಚಿಕೊಳ್ಳುತ್ತಿದೆ. ಆಮೇಲೆ ಇನ್ನೊಂದು ಸಲ ಅಳೆಯಿರಿ.

ಉತ್ತರ (ವಿಜಯಪುರದಿಂದ)

ಸಡ್ಲ ಮಾಡಿ ಶುರು ಮಾಡೂದು ಖರೇನ ಛಲೋ ಮಾತು. ಕೀ ತಿರುವೂಕಿಂತ ಮೊದ್ಲ ಮೂರೂ ನಿಪ್ಪಲ್ಲಿಗೆ ನೇಲ್ ಪಾಲಿಶ್ ಇಲ್ಲಾ ಮಾರ್ಕರಿಲೆ ಗುರುತು ಹಾಕ್ರಿ. ಎಷ್ಟು ತಿರುಗಿಸೇನಿ ಅನ್ನೂದು ಮರೀತದ. ತಪ್ಪಿದ್ರ ಗುರುತು ನೋಡಿ ವಾಪಸ್ ತರಬಹುದು.

ಪ್ರಶ್ನೆ ಕೇಳಿದವರು

ಒಂದೂವರೆ ಗಂಟೆ ಹಿಡಿಯಿತು. 6ನೇದನ್ನು ಅರ್ಧ ಸುತ್ತು ಸಡಿಲ ಮಾಡಿದಾಗಲೇ 4 ಇದ್ದದ್ದು 2.5ಕ್ಕೆ ಬಂತು. ಆಮೇಲೆ 5 ಮತ್ತು 7ಕ್ಕೆ ತಲಾ ಮುಕ್ಕಾಲು ಸುತ್ತು, ಕಾಲು ಕಾಲಾಗಿ. ಈಗ ಪಕ್ಕದ ಓಲಾಟ ಅರ್ಧ ಮಿಲಿಮೀಟರ್ ಒಳಗಿದೆ. ತಗ್ಗು ಪೂರ್ತಿ ಹೋಗಿಲ್ಲ, ಆದರೆ ಮೊದಲಿಗಿಂತ ಹೆಚ್ಚಾಗಿಲ್ಲ. ಬ್ರೇಕ್ ಮತ್ತೆ ಸೇರಿಸಿ ಕುಕ್ಕರಹಳ್ಳಿ ಕೆರೆ ಸುತ್ತಮುತ್ತ ಓಡಿಸಿದೆ, ಎಲ್ಲೂ ತಾಗುತ್ತಿಲ್ಲ. ಮೂರು ಕಡ್ಡಿಗೂ ಈಗ ಸ್ವರ ಇದೆ. 6ನೇದು ಪಕ್ಕದವಕ್ಕಿಂತ ಸ್ವಲ್ಪ ಕೆಳಗೆ, ಅಷ್ಟೇ.

ಉತ್ತರ (ಶಿವಮೊಗ್ಗದಿಂದ)

ಬಹಳ ಖುಷಿಯಾಯಿತು, ಮೊದಲ ಸಲಕ್ಕೆ ಇದು ಚೆನ್ನಾಗಿ ಆದ ಕೆಲಸ. ಉಳಿದ ತಗ್ಗು ರಿಮ್ಮಿಗೆ ಬಿದ್ದ ಪೆಟ್ಟಿನದು, ಅದರ ಹಿಂದೆ ಬೀಳಬೇಡಿ. ಬ್ರೇಕ್ ಹಿಡಿದಾಗ ಕೈಗೆ ಜರ್ಕ್ ಬಂದರೆ ಮಾತ್ರ ಬರೆಯಿರಿ.

50 ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ ಓಡಿಸಿ, ಆ ಮೂರು ಕಡ್ಡಿ ಮತ್ತೆ ಮೀಟಿ ನೋಡಿ. ಅಲ್ಲಿಯವರೆಗೆ ಬೆಟ್ಟ ಬೇಡ. ಅದೇ 5 ಅಥವಾ 7 ಮತ್ತೆ "ದಪ್" ಅಂದರೆ ಆ ನಿಪ್ಪಲ್ ತೂತನ್ನು ಟಾರ್ಚ್ ಹಾಕಿ ನೋಡಿ, ಒಂದು ಫೋಟೋ ಇಲ್ಲಿ ಹಾಕಿ.